ಅತ್ತೆಯ ಪಾಸ್‌ವರ್ಡ್

ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಯಂತ್ರಕ್ಕಿಂತ ಮನುಷ್ಯರ ಮೇಲೇ ಗುಮಾನಿ ಹೆಚ್ಚು. ಅವತ್ತು ರಿಪೇರಿಗೆ ಹೋದ ಮನೆಯ ಮಗ, ಸೊಸೆ, ತೀರಿಕೊಂಡ ಅತ್ತೆ, ಮೂವರ ಇಮೇಲೂ ಒಂದೇ ಕಂಪ್ಯೂಟರಿನಲ್ಲಿತ್ತು. ಅತ್ತೆಯ ಖಾತೆಯನ್ನು ಎಷ್ಟು ಸಲ ತೆಗೆದುಹಾಕಿದರೂ ಮತ್ತೆ ಬಂದು ಪಾಸ್‌ವರ್ಡ್ ಕೇಳುತ್ತಿತ್ತು.

"ನೀವೇ ಸೇರಿಸ್ತಿದೀರೇನಮ್ಮಾ?" ಎಂದೆ.

"ನಾನ್ಯಾಕಣ್ಣ ಸೇರಿಸ್ಲಿ? ನಂಗೆ ಪಾಸ್‌ವರ್ಡೇ ಗೊತ್ತಿಲ್ಲ," ಎಂದಳು ಸೊಸೆ.

ಅಷ್ಟರಲ್ಲಿ ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕೆಗಳು ತಾವಾಗಿಯೇ ಮೂಡತೊಡಗಿದವು, ಯಾರೋ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಿರುವ ಹಾಗೆ. ಹೊರಗಿನವರು ಯಾರೋ ಆಟ ಆಡಿಸುತ್ತಿದ್ದಾರೆಂದು ಇಂಟರ್ನೆಟ್ ವೈರು ಕಿತ್ತೆ. ನಿಲ್ಲಲಿಲ್ಲ. ಕೀಬೋರ್ಡಿನ ವೈರನ್ನೂ ಕಿತ್ತು, ಅದನ್ನು ತೊಡೆಯ ಮೇಲಿಟ್ಟುಕೊಂಡೆ. ನನ್ನ ಅಂಗೈ ಕೆಳಗೆ, ಬೆಚ್ಚಗಿದ್ದ ಒಂದು ಕೀ ತಾನಾಗಿ ಒಳಕ್ಕಿಳಿಯಿತು.

ಪಾಸ್‌ವರ್ಡ್ ತಪ್ಪು ಎಂದಿತು ಪರದೆ. ನಾನು ಉಸಿರು ಬಿಟ್ಟು ಏಳಹೋದೆ.

"ಈಗ್ಲೇ ಏಳ್ಬೇಡಿ ಅಣ್ಣ," ಎಂದಳು ಸೊಸೆ, ಕೀಬೋರ್ಡನ್ನೇ ನೋಡುತ್ತ. "ಅತ್ತೆ ಯಾವಾಗ್ಲೂ ಮೊದಲ ಸಲ ತಪ್ಪೇ ಒತ್ತೋದು."