ಬೊಗಸೆಯಲ್ಲಿ ಎತ್ತಿದ ಸಮುದ್ರನೊರೆ

"ನಾ ಕಾರವಾರಕ್ಕ ಹೋದಾಗ ಸಮುದ್ರ ನನ್ನ ನೋಡಿ ಎರಡು ಹೆಜ್ಜಿ ಹಿಂದ ಸರೀತು," ಅಂದಳು ಸತ್ಯವ್ವ.

ಸಾವಿರದ ಒಂಬೈನೂರಾ ಅರವತ್ತೆರಡರ ಒಂದು ಮುಂಜಾನೆ. ಹಳೇ ಹುಬ್ಬಳ್ಳಿಯ ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಏಳನೇ ಇಯತ್ತೆಯ ಮಕ್ಕಳು ಬೇವಿನ ಗಿಡದ ಕೆಳಗೆ ಅವಳನ್ನು ಮುತ್ತಿಕೊಂಡಿದ್ದರು. ತಮ್ಮ ಮನೆಯ ಹುಂಜದ ಅಪ್ಪಣೆ ಇಲ್ಲದೆ ರೈಲ್ವೆ ಕಾರ್ಖಾನೆಯ ಭೋಂಗಾ ಕೂಗುವುದಿಲ್ಲ ಎಂದು ಮೊನ್ನೆಯಷ್ಟೇ ಹೇಳಿದ್ದ ಹುಡುಗಿ ಅವಳು.

"ಯಾಕ ಸರೀತು?" ಹುಲಗಪ್ಪ ಕೇಳಿದ.

"ಅಂಜಿ. ಗಡಿಬಿಡ್ಯಾಗ ನೊರಿ ಬಿಟ್ಟು ಹೋತು. ನಾ ಬೊಗಸಿಲೆ ಎತ್ತಿ ಮಾಳಗಿ ಮ್ಯಾಲೆ ಒಣಗಿಸಿದೆ. ಕಲ್ಲಾತು. ಬೇಕಾದ್ರ ರಾಜಬೀನ ಕೇಳು."

ರಾಜಬಿ ಪಾಟೀಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಅಂಗೈಯಷ್ಟು ದೊಡ್ಡ ಬಿಳೀ ತುಣುಕು. ದೋಣಿಯಂಥ ಆಕಾರ. ಹತ್ತಿಯಂತೆ ಹಗುರ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ ಉದುರುತ್ತಿತ್ತು. ಹೋದ ವಾರ ಸತ್ಯವ್ವ ಅವಳಿಗೆ ಕೊಟ್ಟಿದ್ದು.

"ಹೆಸರಷ್ಟ ಸತ್ಯವ್ವ," ಹುಲಗಪ್ಪ ನಕ್ಕ. "ಮಾತೆಲ್ಲಾ ಬುರುಡಿ."

"ನಿಮಗ ಹೇಳಬಹುದು. ನನಗ ಅಕಿ ಸುಳ್ಳು ಹೇಳಂಗಿಲ್ಲ," ಅಂದಳು ರಾಜಬಿ. "ಇದು ಸುಳ್ಳಾದ್ರ ನಾ ಅಕಿ ಬಾಜೂಕ ಕುಂಡ್ರಂಗೇ ಇಲ್ಲ. ನೋಡ್ತಿರು."

ಸತ್ಯವ್ವ ಗಂಟಿನಿಂದ ಕಣ್ಣು ತೆಗೆದಳು. ಒಂದನೇ ಇಯತ್ತೆಯಿಂದ ರಾಜಬಿ ಬೇರೆ ಯಾರ ಪಕ್ಕದಲ್ಲೂ ಕೂತವಳಲ್ಲ.

ಆ ತುಣುಕು ಬಂದದ್ದು ಸತ್ಯವ್ವನ ಅಜ್ಜ ಅರ್ಜುನಪ್ಪನ ನಾರುಬೇರಿನ ಔಷಧಿ ಅಂಗಡಿಯಿಂದ. ಮೇಲಿನ ಸಾಲಿನ ಡಬ್ಬಿಯ ಮೇಲೆ 'ಸಮುದ್ರನೊರೆ' ಎಂದು ಅಜ್ಜನೇ ಬರೆದಿದ್ದ. ಸಮುದ್ರದ ನೊರೆ ಒಣಗಿ ಹೀಗೆ ಗಟ್ಟಿಯಾಗುತ್ತದೆ ಎಂದು ಅಜ್ಜನೂ ನಂಬಿದ್ದ, ಕೊಳ್ಳುವವರೂ ನಂಬಿದ್ದರು. ಸತ್ಯವ್ವ ಅದಕ್ಕೆ ತನ್ನ ಬೊಗಸೆಯೊಂದನ್ನು ಸೇರಿಸಿದ್ದಳು, ಅಷ್ಟೇ.

ಗಂಟೆ ಹೊಡೆಯಿತು.

ವಿಜ್ಞಾನದ ಪಿರಿಯಡ್ಡಿಗೆ ಶಿದ್ದಪ್ಪ ಮಾಸ್ತರು ತಗಡಿನ ಡಬ್ಬಿಯೊಂದನ್ನು ಹಿಡಿದು ಬಂದರು. ಮುಚ್ಚಳ ತೆಗೆದದ್ದೇ ತಡ, ಎಂಥ ವಾಸನೆ ಅಂತೀರಿ. ಗೋಡೆಯ ಮೇಲಿನ ಹಲ್ಲಿಗೆ ಮೂರ್ಛೆ ಬಂತು. ಭಾರತದ ನಕಾಶೆ ಮೂಗು ಮುಚ್ಚಿಕೊಂಡಿತು. ಇದು ಸತ್ಯವ್ವನ ಲೆಕ್ಕ.

"ಕಾರವಾರದಿಂದ ನಮ್ಮ ಭಾವ ಬರ್ಫದಾಗ ಇಟ್ಟು ಬಸ್ಸಿಗೆ ಕಳಿಸ್ಯಾರ," ಅಂದರು ಮಾಸ್ತರು. "ಕಟ್ಲ್‌ಫಿಶ್ ಅಂತಾರ ಇದಕ್ಕ. ಆದರ ಮೀನಲ್ಲ, ಮೃದ್ವಂಗಿ. ನಮ್ಮ ಹೊಲದಾಗಿನ ಬಸವನಹುಳದ ಬೀಗರು."

ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಅದನ್ನು ಮಣೆಯ ಮೇಲೆ ಅಂಗಾತ ಮಲಗಿಸಿದರು. ನಾಲ್ಕೂ ಕಡೆ ಜಾಲಿಮುಳ್ಳು ಚುಚ್ಚಿ ಬಿಗಿದರು. ಬ್ಲೇಡಿನಿಂದ ಹೊಟ್ಟೆ ಸೀಳಿದರು.

"ಇವು ಎಂಟು ಗಿಡ್ಡ ಕೈ. ಇವೆರಡು ಉದ್ದನ್ನವು, ಬ್ಯಾಟಿ ಹಿಡಿಯಾಕ. ನಡುವ ಬಾಯಿ. ಬಾಯಾಗ ಏನೈತಿ ನೋಡ್ರಿ."

ಬಾಯಲ್ಲಿ ಗಿಳಿಯ ಕೊಕ್ಕಿತ್ತು. ಥೇಟ್ ಗಿಳಿಯದೇ.

"ಇದಕ್ಕ ಮೂರು ಹೃದಯ. ಎರಡು ಕಿವಿರಿನ ಬುಡಕ್ಕ, ಒಂದು ನಡುವ. ಜೀವ ಇದ್ದಾಗ ರಕ್ತ ನೀಲಿ."

ಸತ್ಯವ್ವ ತೆರೆದ ಬಾಯಿ ಮುಚ್ಚಲಿಲ್ಲ. ಇಷ್ಟು ದೊಡ್ಡ ಬುರುಡೆ ಅವಳ ತಲೆಗೂ ಹೊಳೆದಿರಲಿಲ್ಲ. ಮಾಸ್ತರು ಈಗ ಸಿಕ್ಕಿಬೀಳುತ್ತಾರೆ ಎಂದು ಕಾದಳು. ಅವರು ಮುಳ್ಳಿನ ತುದಿಯಿಂದ ತೋರಿಸಿದರು. ಒಂದು. ಎರಡು. ಮೂರು. ಮೂರೂ ಅಲ್ಲೇ ಇದ್ದವು.

ಆಮೇಲೆ ಬೆಳ್ಳಿಯಂತೆ ಹೊಳೆಯುವ ಪುಟ್ಟ ಚೀಲಕ್ಕೆ ಮುಳ್ಳು ತಾಗಿಸಿದರು. ಕಪ್ಪು ಮಸಿ ಜಿನುಗಿತು. ಅದರಲ್ಲೇ ಟಾಕು ಅದ್ದಿ ಕಾಗದದ ಮೇಲೆ 'ಮೃದ್ವಂಗಿ' ಎಂದು ಬರೆದರು. ಹುಲಗಪ್ಪ ಗೋಡೆಯವರೆಗೆ ಹಿಂದೆ ಹೋದ.

"ಇನ್ನ ಬೆನ್ನು," ಎಂದು ಮಾಸ್ತರು ಪ್ರಾಣಿಯನ್ನು ಬೋರಲು ಹಾಕಿದರು. ಚರ್ಮವನ್ನು ಉದ್ದಕ್ಕೆ ಕೊಯ್ದು, ಎರಡು ಬೆರಳು ತೂರಿಸಿ, ಏನನ್ನೋ ಹೊರಗೆಳೆದರು.

ಬಿಳೀದು. ದೋಣಿಯಂಥದು. ಅಂಗೈಯಷ್ಟು.

ಎಲ್ಲರ ಕಣ್ಣು ರಾಜಬಿಯ ಕಡೆ ತಿರುಗಿತು.

"ಇದು ಒಳಗಿನ ಚಿಪ್ಪು. ಇದರಾಗ ಗಾಳಿ ಇರತೈತಿ, ಅದಕ್ಕ ಪ್ರಾಣಿ ತೇಲತೈತಿ. ಸತ್ತ ಮ್ಯಾಲೆ ಚಿಪ್ಪಷ್ಟ ದಂಡಿಗೆ ಬಂದು ಬೀಳತೈತಿ. ಮಂದಿ ಸಮುದ್ರನೊರಿ ಅಂತ ಮಾರ್ತಾರ. ನೊರಿ ಎಲ್ಲೈತಿ ಇದರಾಗ?"

ರಾಜಬಿ ಮೆಲ್ಲಗೆ ಗಂಟು ಬಿಚ್ಚಿದಳು. ತನ್ನ ತುಣುಕನ್ನು ಹಸಿ ಚಿಪ್ಪಿನ ಪಕ್ಕದಲ್ಲಿಟ್ಟಳು. ಅವಳಿಜವಳಿಯಂತೆ ಕಂಡವು.

"ಇದೆಲ್ಲಿ ಸಿಕ್ತವಾ ನಿನಗ?" ಮಾಸ್ತರು ಕೇಳಿದರು.

ರಾಜಬಿ ಸತ್ಯವ್ವನನ್ನು ನೋಡಿದಳು.

"ಸಮುದ್ರ ಅಂಜಿ ಓಡುವಾಗ ಎಲುಬು ಬಿಟ್ಟು ಹೋಗಿರಬೇಕ್ರಿ ಸರ," ಗೋಡೆಯ ಬಳಿಯಿಂದ ಹುಲಗಪ್ಪ ಅಂದ. ಎಲ್ಲರೂ ನಕ್ಕರು. ರಾಜಬಿ ನಗಲಿಲ್ಲ.

ಸತ್ಯವ್ವನ ತಲೆಯಲ್ಲಿ ಆಗಲೇ ಹೊಸ ಕತೆ ಕುದಿಯುತ್ತಿತ್ತು. ನೊರೆಯೊಳಗೆ ಆ ಪ್ರಾಣಿ ಅಡಗಿತ್ತು, ಹತ್ತೂ ಕೈಗಳಿಂದ ತನ್ನ ಕಾಲು ಹಿಡಿದಿತ್ತು, ತಾನು ಒಂದೇ ಏಟಿಗೆ... ಬಾಯಿ ತೆರೆದಳು ಕೂಡ. ರಾಜಬಿಯ ಕಣ್ಣು ಇನ್ನೂ ಅವಳ ಮೇಲೇ ಇತ್ತು. ಈಗಲೂ ಸತ್ಯವ್ವ ಏನು ಹೇಳಿದರೂ ನಂಬಲು ಆ ಕಣ್ಣು ತಯಾರಿತ್ತು.

ಹತ್ತು ಕೈಯ ಕತೆಯನ್ನು ಸತ್ಯವ್ವ ಅಲ್ಲೇ ಬಿಟ್ಟಳು.

"ನಮ್ಮ ಅಜ್ಜನ ಅಂಗಡಿ ಡಬ್ಬ್ಯಾಗಿಂದ್ರಿ ಸರ," ಅಂದಳು. "ಕೇಳದ ತಗೊಂಡಿದ್ದೆ. ನಾ ಕಾರವಾರ ನೋಡಿಲ್ರಿ. ಇಲ್ಲೇ ಬಾಜೂದ ಗಬ್ಬೂರ ದಾಟಿ ಹೋಗಿಲ್ಲ."

ಮಾಸ್ತರು ಬ್ಲೇಡು ಒರೆಸಿಟ್ಟರು. "ಅಜ್ಜಗ ಹೋಗಿ ಹೇಳು," ಅಂದರು. "ಈಗ ಎಲ್ಲಾರೂ ಕುಂಡ್ರಿ, ಚಿತ್ರ ತಗೀರಿ."

ರಾಜಬಿ ಎಂದಿನ ಜಾಗದಲ್ಲೇ ಬಂದು ಕೂತಳು. ಆದರೆ ಇಬ್ಬರ ನಡುವೆ ಪಾಟೀಚೀಲ ಇಟ್ಟಳು. ಇಷ್ಟು ದಿನ ಅದು ಅಲ್ಲಿ ಇರುತ್ತಿರಲಿಲ್ಲ.

ಸತ್ಯವ್ವ ಎಂಟು ಕೈ ಬರೆದಳು. ಎರಡು ಉದ್ದನೆಯವನ್ನು ಬರೆದಳು. ಹನ್ನೊಂದನೆಯದನ್ನು ಬರೆಯಲಿಲ್ಲ.

"ಹಿಂದ ಸರಿದಿದ್ದು ಉಣಕಲ್ ಕೆರಿ," ಅಂದಳು, ತಲೆ ಎತ್ತದೆ. "ಅದೂ ಬ್ಯಾಸಗ್ಯಾಗ."

ರಾಜಬಿ ತನ್ನ ಚಿತ್ರದ ಕೊನೆಯ ಕೈ ಬರೆದು ಮುಗಿಸಿದಳು. ಆಮೇಲೆ ಕೇಳಿದಳು: "ಎಷ್ಟು ಹೆಜ್ಜಿ ಸರಿದಿತ್ತು?"

ನಾಲಿಗೆಯ ತುದಿಗೆ 'ಸಾವಿರ' ಬಂದು ಕೂತಿತ್ತು. ಸತ್ಯವ್ವ ಅದನ್ನು ನುಂಗಿದಳು.

"ಗೊತ್ತಿಲ್ಲ. ಎಣಿಸಿಲ್ಲ."

ರಾಜಬಿ ಪಾಟೀಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.