ನಿಂತ ನಲವತ್ತೊಂದು ನಿಮಿಷ

ಇದಾಲಿನಾ ಆಫೀಸಿನ ನೆಲ ಒರೆಸುತ್ತಿದ್ದಳು. ಕಟ್ಟಡ ಏಳುತ್ತಿದ್ದ ಸೈಟಿನ ಮೂಲೆಯಲ್ಲಿ ತಂದು ನಿಲ್ಲಿಸಿದ ತಗಡಿನ ಡಬ್ಬಿಯಂಥ ಆಫೀಸು. ಬೆಳಗಿನಿಂದ ಮೂರು ಸಲ ಒರೆಸಿದ್ದಳು. ಮೂರು ಸಲವೂ ಕೆಸರಿನ ಬೂಟುಗಳು ತುಳಿದುಕೊಂಡು ಹೋಗಿದ್ದವು.

ನಾಲ್ಕನೆಯ ಸಲ ಬಾಗಿಲು ತೆರೆದುಕೊಂಡಿತು. ನವೆಂಬರಿನ ಗಾಳಿ ನುಗ್ಗಿತು. ಆದರೆ ಯಾರೂ ಒಳಗೆ ಬರಲಿಲ್ಲ...

ತಲೆಯೆತ್ತಿದಳು. ಹೊಸ್ತಿಲಾಚೆ ಎತ್ತರದ ಗಂಡಸೊಬ್ಬ ನಿಂತಿದ್ದ. ಐವತ್ತರ ಹತ್ತಿರದ ವಯಸ್ಸು. ಹುಬ್ಬಿನ ಮೇಲೆ ಸಿಮೆಂಟಿನ ಬೂದಿ. ಅವನ ಕಣ್ಣು ಅವಳ ಮೇಲಿರಲಿಲ್ಲ, ನೆಲದ ಮೇಲಿತ್ತು.

"ಒಳಗೆ ಬನ್ನಿ, ಇಲ್ಲಾ ಬಾಗಿಲು ಹಾಕಿ. ಇಡೀ ಟೊರಾಂಟೊನ ಬೆಚ್ಚಗೆ ಮಾಡೋಕೆ ಈ ಹೀಟರಿಗೆ ಆಗಲ್ಲ."

"ಇನ್ನೂ ಹಸಿ ಇದೆ, ದೋನಾ." ಪೋರ್ಚುಗೀಸಿನಲ್ಲಿ 'ಅಮ್ಮಾವ್ರೇ' ಎಂದ ಹಾಗೆ.

"ಹಸಿ ಇದ್ರೇನು? ಎಲ್ಲರೂ ತುಳೀತಾರೆ."

"ನನಗೆ ಬರಲ್ಲ. ಮೂವತ್ತೊಂದು ವರ್ಷದಿಂದ ಹಸಿ ನೆಲ ಕಂಡ್ರೆ ಕಾಲು ತಾನಾಗೇ ನಿಲ್ಲತ್ತೆ."

ಹೇಳಿ ಬಾಗಿಲು ಎಳೆದುಕೊಂಡು ಹೊರಗೇ ನಿಂತ. ಗಾಜಿನಲ್ಲಿ ಅವನ ಭುಜ ಮಾತ್ರ ಕಾಣುತ್ತಿತ್ತು. ಕೊನೆಯ ತೇವದ ಕಲೆ ಆರಿದ ಹೊತ್ತಿಗೆ ಸರಿಯಾಗಿ ಒಳಗೆ ಬಂದ. ಹೊಸ ಕೈಗವಸು ಬೇಕಿತ್ತು, ಅಷ್ಟೇ.

'ಹುಚ್ಚ,' ಎಂದುಕೊಂಡಳು ಇದಾಲಿನಾ. ಆದರೆ ಆ ಸಂಜೆ ಮನೆಯಲ್ಲಿ ಅಮ್ಮನಿಗೆ ಸಾರು ಬಡಿಸುವಾಗ ಕಾರಣವಿಲ್ಲದೆ ನಕ್ಕಳು. ಅವಳ ನಲವತ್ಮೂರು ವರ್ಷದಲ್ಲಿ, ಅವಳು ಮಾಡಿದ ಕೆಲಸ ಹಾಳಾಗಬಾರದೆಂದು ಚಳಿಯಲ್ಲಿ ನಿಂತ ಮೊದಲ ಗಂಡಸು ಅವನು.

ಅವನ ಹೆಸರು ಎವರಿಸ್ತೊ. ಹೊಸದಾಗಿ ಸುರಿದ ಕಾಂಕ್ರೀಟನ್ನು ಕರಣೆ ಹಿಡಿದು ಕನ್ನಡಿಯ ಹಾಗೆ ನಯ ಮಾಡುವುದು ಅವನ ಕಸುಬು. ಅವನಪ್ಪನದೂ ಅದೇ. ಪೋರ್ಚುಗಲ್ಲಿನ ಅಸೋರಸ್ ದ್ವೀಪಗಳಿಂದ ಬಂದ ಅವರಿಬ್ಬರ ಜನರಲ್ಲಿ ಅರ್ಧ ಗಂಡಸರು ಈ ಊರಿನ ನೆಲ ಮಾಡಿದವರು, ಉಳಿದರ್ಧ ಗೋಡೆ ಎತ್ತಿದವರು.

ಮರುದಿನ ಅವನು ಸಿಹಿ ಬನ್ನು ತಂದ. ಅದರ ಮರುದಿನವೂ ತಂದ.

"ನನ್ನನ್ನ ದಪ್ಪ ಮಾಡಿ ಮಾರೋಕೆ ಇಟ್ಟಿದೀರಾ?" ಎಂದಳು.

"ಮಾರೋಕಲ್ಲ, ದೋನಾ. ಮಾರಿದ್ರೆ ಬನ್ನು ತಿನ್ನೋರು ಯಾರು?"

ನೆಲ ಒರೆಸುವುದು ಅವಳ ಸಂಬಳದ ಕೆಲಸವೇನಲ್ಲ, ಕೆಸರು ಕಂಡರೆ ಸುಮ್ಮನಿರಲಾಗದೆ ಒರೆಸುತ್ತಿದ್ದಳು. ಅವಳ ಕೆಲಸ ಪರದೆಯ ಮುಂದೆ.

ಸೈಟಿನ ಕ್ರೇನಿನ ತುದಿಗೆ ಕಂಪನಿ ಒಂದು ಕ್ಯಾಮೆರಾ ಕಟ್ಟಿತ್ತು. ಅದರ ಹಿಂದೆ ಕೃತಕ ಬುದ್ಧಿಯ ಯಂತ್ರ. ಯಾರು ಎಷ್ಟು ಹೊತ್ತು ದುಡಿದರು, ಯಾರು ಸುಮ್ಮನೆ ನಿಂತರು, ಎಲ್ಲ ಅದಕ್ಕೆ ಬೇಕು. ಆಳುಗಳು ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದರು.

ಅತ್ತೆಗೆ ಅನುಮಾನ ಬಂದಾಗ ಚಿಕ್ಕದೊಂದು ವಿಡಿಯೊ ಇದಾಲಿನಾಳ ಪರದೆಗೆ ಬರುತ್ತಿತ್ತು. ಮುಖಗಳನ್ನು ಮಸುಕು ಮಾಡಿರುತ್ತಿದ್ದರು. ಕೆಳಗೊಂದು ಪ್ರಶ್ನೆ: ಈ ವ್ಯಕ್ತಿ ಕೆಲಸ ಮಾಡುತ್ತಿದ್ದಾನೆಯೇ? ಹೌದು. ಇಲ್ಲ.

"ಯೋಚನೆ ಮಾಡ್ಬೇಡ, ಒತ್ತು," ಎಂದಿದ್ದ ಮೇಸ್ತ್ರಿ ದುವಾರ್ತೆ. "ನೀನು ಒತ್ತಿದ್ದನ್ನ ನೋಡಿ ಅದು ಕಲಿಯತ್ತೆ."

ಸೆಪ್ಟೆಂಬರಿನಿಂದ ಒತ್ತುತ್ತಿದ್ದಳು. ಹೊರುವವನು, ಹೌದು. ಬಡಿಯುವವನು, ಹೌದು. ಸುಮ್ಮನೆ ನಿಂತವನು, ಇಲ್ಲ. ಇದರಲ್ಲಿ ಯೋಚಿಸುವುದಾದರೂ ಏನಿತ್ತು?

ಡಿಸೆಂಬರಿನ ಒಂದು ಶನಿವಾರ ಎವರಿಸ್ತೊ ಕರೆದ. "ಬನ್ನಿ, ನಾನು ಮಾಡೋದನ್ನ ತೋರಿಸ್ತೀನಿ."

ಆರನೇ ಮಹಡಿ. ಬೆಳಿಗ್ಗೆ ಸುರಿದ ಕಾಂಕ್ರೀಟು ಬೂದುಬಣ್ಣದ ಕೆರೆಯ ಹಾಗೆ ಹರಡಿತ್ತು. ಅವನು ಅಂಚಿನಲ್ಲಿ ಮಂಡಿಯೂರಿ ಹೆಬ್ಬೆರಳು ಒತ್ತಿದ.

"ಇನ್ನೂ ಇಲ್ಲ."

"ಅಂದ್ರೆ?"

"ಈಗ ಕರಣೆ ಇಟ್ರೆ ನೀರು ಒಳಗೇ ಉಳಿಯತ್ತೆ. ಎರಡು ವರ್ಷಕ್ಕೆ ಮೇಲಿನ ಪದರ ಸಿಪ್ಪೆ ಥರ ಏಳತ್ತೆ. ತಡ ಮಾಡಿದ್ರೆ ಕಲ್ಲು. ಚಳಿಯಲ್ಲಂತೂ ಯಾವಾಗ ಅಂತ ಗಡಿಯಾರ ಹೇಳಲ್ಲ."

"ಮತ್ತೆ ಏನ್ ಮಾಡ್ತೀರಿ?"

"ಕಾಯ್ತೀನಿ. ಕೆಲಸದಲ್ಲಿ ಕಷ್ಟದ್ದು ಅದೇ. ಕರಣೆ ಎಳೆಯೋದು ಯಾರಿಗಾದ್ರೂ ಕಲಿಸಬಹುದು."

ಎದ್ದು ನಿಂತ. ಎಡಗಾಲಿನ ಮೇಲೆ ಭಾರ ಹಾಕಿ, ಕರಣೆಯನ್ನು ಬೆನ್ನ ಹಿಂದೆ ಹಿಡಿದು, ತಲೆ ಬಾಗಿಸಿ... ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ ನಿಂತವರ ಹಾಗೆ.

ಇದಾಲಿನಾ ಒಂದು ಹೆಜ್ಜೆ ಹಿಂದೆ ಸರಿದಳು.

ಆ ನಿಲುವು ಅವಳಿಗೆ ಗೊತ್ತಿತ್ತು. ಮಸುಕಾದ ಮುಖ, ಎಡಗಾಲು, ಬೆನ್ನ ಹಿಂದಿನ ಕೈ. ಮೂರು ತಿಂಗಳಲ್ಲಿ ಅದನ್ನು ಎಷ್ಟು ಸಲ ನೋಡಿದ್ದಳು... ಪ್ರತಿ ಸಲವೂ ಏನು ಒತ್ತಿದ್ದಳು...

"ಯಾಕೆ ಬಿಳಿಚಿಕೊಂಡ್ರಿ? ಚಳಿಯಾ?" ಅವನು ತನ್ನ ಕೋಟು ತೆಗೆದು ಅವಳಿಗೆ ಹೊದಿಸಿದ.

ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು. ಕೋಟಿನ ಬಿಸುಪು ಅವಳ ಬಾಯಿ ಕಟ್ಟಿತು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಪರದೆಯ ಮುಂದೆ ಕೂತಳು. ಇನ್ನು ಮೇಲೆ ಆ ನಿಂತ ಮನುಷ್ಯ ಬಂದರೆ 'ಹೌದು' ಒತ್ತುವುದು, ನೂರು ಸಲ ಒತ್ತುವುದು.

ಒಂದು ವಿಡಿಯೊ ಕೂಡ ಬರಲಿಲ್ಲ. ಅತ್ತೆಗೆ ಈಗ ಅನುಮಾನವೇ ಇರಲಿಲ್ಲ. ಅದು ಕಲಿತುಬಿಟ್ಟಿತ್ತು.

"ಇದು ತಪ್ಪು ಕಲಿತಿದೆ, ತಿದ್ದೋಕಾಗತ್ತಾ?" ಎಂದು ದುವಾರ್ತೆಯನ್ನು ಕೇಳಿದಳು.

"ಒಂದು ಸೈಟಾ ಅದು? ಕಂಪನಿಯ ಎಲ್ಲ ಊರಿನ ಸೈಟಿಗೂ ಇದೇ ಹೋಗಿದೆ. ನೀನು ಚೆನ್ನಾಗಿ ಕಲಿಸಿದೀಯ ಅಂತ ಮೇಲಿನವರು ಹೊಗಳಿದ್ರು."

ಆ ಶುಕ್ರವಾರ ಎವರಿಸ್ತೊನ ಕೈಗೆ ಕಾಗದ ಬಂತು. ಸುಮ್ಮನೆ ನಿಂತ ಸಮಯ, ದಿನಕ್ಕೆ ಸರಾಸರಿ ನಲವತ್ತೊಂದು ನಿಮಿಷ. ನಾಳೆಯಿಂದ ಬರಬೇಡಿ.

ಮೊದಲು ಅವನು ನಕ್ಕ. "ಅತ್ತೆ ನನ್ನನ್ನ ಸೋಮಾರಿ ಅಂದ್ಳು ನೋಡಿ, ದೋನಾ." ಆಮೇಲೆ ನಗು ನಿಂತಿತು. "ನಮ್ಮಪ್ಪ ಬದುಕಿಲ್ಲ, ಒಳ್ಳೇದಾಯ್ತು. ನಮ್ಮ ಮನೇಲಿ ಆ ಮಾತು ಯಾರೂ ಯಾರಿಗೂ ಅಂದಿರಲಿಲ್ಲ."

ಅವಳು ನೆಲ ನೋಡಿದಳು.

"ಕಾರ್ಮಿಕ ಸಂಘದವರು ವಿಚಾರಣೆ ಮಾಡಿಸ್ತಾರಂತೆ. ಆಫೀಸಿನೋರು ಯಾರಾದ್ರೂ ಸಹಿ ಮಾಡಿ ಒಂದು ಕಾಗದ ಕೊಟ್ರೆ ಸಾಕಂತೆ, ಯಂತ್ರದ ಲೆಕ್ಕ ತಪ್ಪು ಅಂತ. ಕೆಲಸ ಬರದಿದ್ರೂ ಹೆಸರಾದ್ರೂ ಉಳಿಯತ್ತೆ." ಅವನು ಅವಳ ಕಡೆ ನೋಡಿದ. "ನಿಮ್ಮನ್ನ ಕೇಳ್ತಿಲ್ಲ. ಸುಮ್ನೆ ಹೇಳಿದೆ."

ಅದೇ ಸಂಜೆ ಇದಾಲಿನಾ ಕಾಗದ ಬರೆದಳು. ಸಹಿ ಹಾಕಿದಳು. ಲಕೋಟೆಗೆ ವಿಳಾಸ ಬರೆದು, ಅಂಟಿಸದೆ, ಅಮ್ಮನ ಮಾತ್ರೆ ಡಬ್ಬಿಯ ಕೆಳಗಿಟ್ಟಳು.

ಅಲ್ಲೇ ಉಳಿಯಿತು.

ಕಳಿಸಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅಮ್ಮನ ಔಷಧಿಗೆ ಕಂಪನಿಯ ವಿಮೆ ಇಲ್ಲ. ಇದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ಇನ್ನೊಂದನ್ನು ಹೇಳಿಕೊಳ್ಳಲಿಲ್ಲ: ಕಳಿಸಿದರೆ ಅವನಿಗೆ ಗೊತ್ತಾಗುತ್ತದೆ.

ಅವನು ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ದಿನ ಬಾಗಿಲಲ್ಲಿ ಸಿಹಿ ಬನ್ನಿನ ಪೊಟ್ಟಣವಿತ್ತು. ಆಮೇಲೆ ಅದೂ ಇಲ್ಲ.

ಫೆಬ್ರುವರಿ ಬಂತು. ನೆಲ ನಯ ಮಾಡುವ ಯಂತ್ರ ಸೋಮವಾರ ಸೈಟಿಗೆ ಬರುತ್ತದೆಂದು ದುವಾರ್ತೆ ಹೇಳಿದ. ಎವರಿಸ್ತೊನ ವಿಷಯದಲ್ಲಿ ಸಂಘದವರು ಕಾಗದ ತೆಗೆದುಕೊಳ್ಳುವ ಕೊನೆಯ ದಿನ ಇವತ್ತು, ಇವತ್ತಿನ ಟಪಾಲಿನ ಮುದ್ರೆ ಬಿದ್ದರೆ ಸಾಕು ಎಂದೂ ಹೇಳಿದ.

ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಲಕೋಟೆ ಅವಳ ಮಡಿಲಲ್ಲಿತ್ತು.

"ನಂಗೆ ಇಂಗ್ಲಿಷ್ ಓದೋಕೆ ಬರಲ್ಲ," ಎಂದಳು ಅಮ್ಮ. "ಆದ್ರೆ ಎರಡು ತಿಂಗಳಿಂದ ನನ್ನ ಮಾತ್ರೆ ಕೆಳಗೆ ಏನೋ ಬಚ್ಚಿಡ್ತಿದೀಯ ಅಂತ ಗೊತ್ತಾಗತ್ತೆ. ನನ್ನ ಮಾತ್ರೆ ನೆಪ ಮಾಡ್ಬೇಡ, ಮಗಳೇ. ನಾನು ಇದ್ದಷ್ಟು ದಿನ ಇರ್ತೀನಿ."

ಎವರಿಸ್ತೊನ ಮನೆ ನಾಲ್ಕು ಬೀದಿ ಆಚೆ. ಬಾಗಿಲು ತೆರೆದವನು ಮೆಲ್ಲಗೆ ಮಂಡಿ ನೀವಿಕೊಂಡ. ಸೊರಗಿದ್ದ.

"ಒಳಗೆ ಬನ್ನಿ, ದೋನಾ."

"ಇಲ್ಲ. ಮೊದಲು ಇದನ್ನ ಓದಿ. ಆಮೇಲೂ ಕರೆದ್ರೆ ಬರ್ತೀನಿ."

ಅವನು ಹೊಸ್ತಿಲಲ್ಲೇ ನಿಂತು ಓದಿದ.

'ನಿಂತಿದ್ದ ಆ ಮನುಷ್ಯ ಕೆಲಸ ಮಾಡುತ್ತಿಲ್ಲವೆಂದು ಯಂತ್ರಕ್ಕೆ ಕಲಿಸಿದವಳು ನಾನು. ಅವನು ಕೆಲಸ ಮಾಡುತ್ತಿದ್ದ. ಅವನು ಕಾಯುತ್ತಿದ್ದುದು ನನಗೆ ತಿಳಿಯಲಿಲ್ಲ. ತಪ್ಪು ನನ್ನದು, ಅವನದಲ್ಲ.'

ಹಿಮ ಬೀಳುತ್ತಿತ್ತು. ಇದಾಲಿನಾ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಅವನು ಎರಡನೆಯ ಸಲ ಓದಿದ. ಮೂರನೆಯ ಸಲ...

"ಎಷ್ಟು ಸಲ ಒತ್ತಿದ್ರಿ?"

"ಗೊತ್ತಿಲ್ಲ. ತುಂಬ."

"ನಾನೇನಂದ್ಕೊಂಡಿದ್ದೆ ಗೊತ್ತಾ? ನೀವೂ ನಂಬಿದ್ರಿ ಅಂತ. ನಾನು ಸೋಮಾರಿ ಅಂತ. ಅದಕ್ಕೇ ಫೋನ್ ಎತ್ತಲ್ಲ ಅಂತ."

"ನಂಬಿರಲಿಲ್ಲ. ನನ್ನ ಮುಖ ತೋರಿಸೋಕೆ ಆಗಲಿಲ್ಲ, ಅಷ್ಟೇ." ಅವಳು ಅವನ ಕಡೆ ನೋಡಿದಳು. "ನೀವಂದ್ರೆ ನನಗೆ ಇಷ್ಟ, ಎವರಿಸ್ತೊ. ಬಾಗಿಲಾಚೆ ನಿಂತಿದ್ರಲ್ಲ, ಅವತ್ತಿನಿಂದ. ಹೇಳೋಕೆ ಈಗ ಯಾವ ಮುಖಾನೂ ಇಲ್ಲ... ಆದ್ರೂ ಹೇಳ್ದೆ."

ಅವನು ಕಾಗದವನ್ನು ಮಡಚಿ ಲಕೋಟೆಗೆ ಹಾಕಿ ಅವಳ ಕೈಗೆ ಕೊಟ್ಟ.

"ಈ ಕಾಗದ ಕಳಿಸಿದ್ರೂ ನನಗೆ ಕೆಲಸ ಬರಲ್ಲ. ಸೋಮವಾರ ಯಂತ್ರ ಬರ್ತಿದೆ."

"ಗೊತ್ತು."

"ನಿಮ್ಮ ಕೆಲಸಾನೂ ಹೋಗತ್ತೆ."

"ಗೊತ್ತು."

"ಬೇರೆ ಊರಿನ ಸೈಟಲ್ಲಿ ನನ್ನ ಹಾಗೆ ಕಾಯ್ತಾ ನಿಂತಿರೋರಿಗೆ ಇದರಿಂದ ಏನೂ ಆಗಲ್ಲ."

"ಅದೂ ಗೊತ್ತು," ಎಂದಳು. ಆ ಮಾತೇ ಅವಳಿಗೆ ಎಲ್ಲಕ್ಕಿಂತ ಚುಚ್ಚಿತು.

ಅವನು ಕೋಟು ಹಾಕಿಕೊಂಡ. ಇಬ್ಬರೂ ಬೀದಿಯ ಮೂಲೆಯ ಕೆಂಪು ಟಪಾಲು ಡಬ್ಬಿಯವರೆಗೆ ನಡೆದರು. ಜಾರುವಲ್ಲಿ ಅವನು ಕೈ ಕೊಟ್ಟ. ಅವಳು ಹಿಡಿದಳು, ಬಿಡಲಿಲ್ಲ. ನಾಲ್ಕು ಗಂಟೆಯ ಟಪಾಲಿಗೆ ಇನ್ನೂ ಹತ್ತು ನಿಮಿಷವಿತ್ತು.

ಲಕೋಟೆಯ ಅಂಟಿಗೆ ನಾಲಿಗೆ ತಾಗಿಸಿ ಮಡಚಿದಳು. ಡಬ್ಬಿಯ ಬಾಯಿಗೆ ಕೈ ಒಯ್ಯುವಷ್ಟರಲ್ಲಿ ಅವನು ತಡೆದ. ಅಂಚಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ.

"ಇನ್ನೂ ಹಸಿ. ಸ್ವಲ್ಪ ನಿಲ್ಲು."

ನಿಲ್ಲು ಎಂದ. ನಿಲ್ಲಿ ಎನ್ನಲಿಲ್ಲ.

ನಿಂತರು. ಹಿಮ ಅವರ ಭುಜದ ಮೇಲೆ ಕೂತಿತು.

"ನನ್ನ ಮೇಲೆ ಕೋಪ ಇದೆಯಾ?"

"ಇದೆ. ಬೇಗ ಹೋಗೋ ಥರ ಕಾಣಲ್ಲ."

"ನಾನು ಕಾಯ್ತೀನಿ."

"ಚಳಿ ಇದೆ, ಇದಾಲಿನಾ."

"ಗೊತ್ತು."

ಅವನು ಮತ್ತೆ ಹೆಬ್ಬೆರಳು ಒತ್ತಿ ನೋಡಿದ. ಆರಿದೆ ಎಂಬಂತೆ ತಲೆಯಾಡಿಸಿದ.

ಅವಳು ಕಾಗದವನ್ನು ಡಬ್ಬಿಗೆ ಹಾಕಿದಳು.