ಖಾಲಿ ಬೋನಿನಲ್ಲಿ ಏಳು ಏಡಿ

"ಬಾಗಿಲು ಹಾಕ್ಬೇಡಿ!"

ಅವಳು ಕೂಗುವಷ್ಟರಲ್ಲಿ ಮಂಜುಗಡ್ಡೆ ಕೋಣೆಯ ಬಾಗಿಲು ದಡಾರನೆ ಮುಚ್ಚಿಕೊಂಡಿತ್ತು. ಒಳಗಿನ ಚಿಲಕ ಮುರಿದು ಎರಡು ವರ್ಷವಾಗಿದ್ದು ಬಂದವನಿಗೆ ಹೇಗೆ ಗೊತ್ತಾಗಬೇಕು?

"ಇನ್ನು ಅಪ್ಪ ಹೊರಗಿಂದ ತೆಗೀಬೇಕು. ಚಹಾಕ್ಕೆ ಹೋಗಿದಾರೆ. ಅಂದ್ರೆ, ಊರ ಸುದ್ದಿಯೆಲ್ಲ ಮುಗೀಬೇಕು."

ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಅವನು ನಕ್ಕ. ನಕ್ಕಾಗ ಅವಳ ಕೈಯ ಮೀನು ಕೊಚ್ಚುವ ಕತ್ತಿ ಯಾಕೋ ತಾನಾಗಿ ಕೆಳಗಿಳಿಯಿತು...

ಅವನು ಸಂಶೋಧಕ. ಮೀನು ಕಾರ್ಖಾನೆ ಎಸೆಯುವ ತಲೆ, ಕರುಳುಗಳಿಂದ ಏಡಿಗೆ ಎರೆಯುಂಡೆ ಮಾಡಿದ್ದ.

"ಏಡಿ ಹಿಡಿಯೋಕೆ ಬುಟ್ಟಿಗಟ್ಟಲೆ ಒಳ್ಳೆ ಮೀನು ಕೊಚ್ಚಿ ಹಾಕ್ತೀರಿ. ಹೀಗಾದ್ರೆ ಸಮುದ್ರದಲ್ಲಿ ಉಳಿಯೋದೇನು? ಈ ಉಂಡೆ ಸಾಕು."

"ಏಡಿ ಒಪ್ಪಬೇಕಲ್ಲ?"

"ಮೊದಲು ನಿಮ್ಮಪ್ಪ ಒಪ್ಪಬೇಕು."

"ಹಾಗಾದ್ರೆ ಏಡಿಯೇ ವಾಸಿ."

ಅಪ್ಪನ ಕೈ ಸೆಟೆದುಕೊಂಡಾಗಿನಿಂದ, ಒಂಬತ್ತು ವರ್ಷ, ಮೂವತ್ತು ದೋಣಿಗಳ ಎರೆಯನ್ನು ಅವಳೊಬ್ಬಳೇ ಕೊಚ್ಚುತ್ತಿದ್ದಳು. ಹೆಣ್ಣು ನೋಡಲು ಬಂದಿದ್ದ ಒಬ್ಬ ಮಹಾಶಯ ಅವಳು ಕೊಟ್ಟ ಲೋಟವನ್ನು ಮೂಸಿ, ಹಾಗೇ ಕೆಳಗಿಟ್ಟು ಹೋಗಿದ್ದ. ಯಾವ ಸೋಪಿಗೂ ಕೈಯ ಆ ಮೀನುವಾಸನೆ ಬಗ್ಗಲಿಲ್ಲ.

"ನೀನಿಲ್ದಿದ್ರೆ ಒಂದು ದೋಣೀನೂ ಹೊರಡಲ್ಲ ಮಗಳೇ," ಎನ್ನುತ್ತಿದ್ದರು ಅಪ್ಪ. ಹೊಗಳಿಕೆಯನ್ನೇ ಬೀಗ ಮಾಡುವವರಿರುತ್ತಾರೆ.

'ಉಂಡೆ ಗೆದ್ದರೆ ಈ ಕೋಣೆಯಿಂದ ನನಗೆ ಬಿಡುಗಡೆ!'

ಪರೀಕ್ಷೆಗೆ ಮೀನಿನ ಬೋನು, ಉಂಡೆಯ ಬೋನು, ಹೋಲಿಕೆಗೊಂದು ಖಾಲಿ ಬೋನು. ಮೊದಲೆರಡನ್ನು ಅವನು ಕಟ್ಟಿದ; ಖಾಲಿ ಬೋನಿಗೆ ಅವಳು ಹಗ್ಗ ಬಿಗಿದು ಸಮುದ್ರಕ್ಕೆ ಕಳಿಸಿದಳು.

ಉಂಡೆಗೆ ಎರಡು ಏಡಿ ಬಿದ್ದವು. ಖಾಲಿ ಬೋನಿಗೆ ಏಳು!

"ನಿನ್ನ ಉಂಡೆಗಿಂತ ಗಾಳಿನೇ ರುಚಿ ಕಣಪ್ಪಾ!" ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವನು ನಗಲಿಲ್ಲ. ಖಾಲಿ ಬೋನಿನ ಹಗ್ಗ ಮೂಸಿದ. ಆಮೇಲೆ ಅವಳ ಕೈ ನೋಡಿದ.

"ನಾಳೆಯಿಂದ ನೀವು ಬೋನು ಮುಟ್ಟಬೇಡಿ."

'ಇವನೂನಾ...!'

ಮೂರು ದಿನ ಅವನ ಜೊತೆ ಮಾತಿಲ್ಲ. ಮಂಜುಗಡ್ಡೆ ಕೋಣೆ ಮೊದಲಿದ್ದಷ್ಟೇ ಇತ್ತು. ಗೋಡೆಗಳು ಮಾತ್ರ ಒಂದೊಂದು ಮೊಳ ಒಳಗೆ ಬಂದಂತಿದ್ದವು.

ನಾಲ್ಕನೆಯ ದಿನ ಅವನು ಬಂದವನೇ ಬೆನ್ನ ಹಿಂದೆ ಬಾಗಿಲು ಎಳೆದುಕೊಂಡ.

"ಹಾಕ್ಬೇಡಿ ಅಂದಿದ್ನಲ್ಲ!"

"ಗೊತ್ತಿದ್ದೇ ಹಾಕಿದೆ. ಈಗ ನೀವು ಕೇಳಲೇಬೇಕು."

"ನನ್ನ ಕೈ ನಾರುತ್ತೆ, ಅಷ್ಟೇ ತಾನೆ? ಬಿಡಿ, ಹೊಸ ಸುದ್ದಿಯೇನಲ್ಲ."

"ಅಯ್ಯೋ, ಖಾಲಿ ಬೋನು ಖಾಲಿಯಾಗೇ ಬರಬೇಕಿತ್ತು ಕಣ್ರೀ! ನಿಮ್ಮ ಕೈಲಿದ್ದ ಮೀನೆಣ್ಣೆ ಹಗ್ಗಕ್ಕೆ ಹತ್ತಿ, ನಿಧಾನವಾಗಿ ನೀರಿಗಿಳೀತು, ಆ ವಾಸನೆಗೇ ಏಡಿ ಬಂದ್ವು. ನನ್ನ ಉಂಡೆ ಗಂಟೆಯೊಳಗೇ ಕರಗಿ ಹೋಗ್ತಿತ್ತು. ಕಾರ್ಖಾನೆಯ ಮೀನೆಣ್ಣೆ ಬೆರೆಸಿ, ತೆಂಗಿನ ನಾರಿನಲ್ಲಿ ಸುತ್ತಿದೆ. ಇವತ್ತು ನಿಮ್ಮಪ್ಪನೇ ಎಣಿಸಿದ್ರು. ಮೀನಿಗೆ ಹದಿನಾಲ್ಕು, ಉಂಡೆಗೆ ಹದಿನಾರು."

"ಅಪ್ಪ... ಏನಂದ್ರು?"

"'ಇನ್ನು ಅವಳು ಹೋಗಿಬಿಡ್ತಾಳೇನೋ' ಅಂದ್ರು. ಮೂಗು ಒರೆಸ್ಕೊಂಡು, 'ಮೂವತ್ತು ದೋಣಿಗೂ ಉಂಡೆ ತಂದುಕೊಡು' ಅಂದ್ರು."

ಅವಳ ಕಣ್ಣು ಮಂಜಾಯಿತು. ಅವನು ಅವಳ ಒದ್ದೆ ಕೈಯನ್ನು ಮುಖದ ಬಳಿ ತಂದುಕೊಂಡ. ಮೂಸಲಿಲ್ಲ, ಉಸಿರು ತುಂಬಿಕೊಂಡ.

"ಏಳು ಏಡಿ ಸುಮ್ಮನೆ ಬಂದಿಲ್ಲ. ಎಂಟನೆಯವನು ನಾನು..."

"ಬೋನಿಗೆ ಹೋಗೋಕೆ ದಾರಿ ಇರುತ್ತೆ, ಬರೋಕಿರಲ್ಲ. ಒಂಬತ್ತು ವರ್ಷ ನೋಡಿದೀನಿ," ಎಂದಳು ಮೆಲ್ಲಗೆ. "ನಿಮ್ಮ ಮನೆಗೆ ಬಂದ್ರೆ, ಹೊರಗೆ ಬರೋಕೆ ದಾರಿ ಇರುತ್ತಾ?"

ಅವನು ಜೇಬಿನಿಂದ ಒಂದು ಹೊಸ ಚಿಲಕ ತೆಗೆದ, ನಾಲ್ಕು ತಿರುಪು ಮೊಳೆ ತೆಗೆದ, ಒಳಬದಿಗೆ ಬಿಗಿದ. ಸರಿಸಿದ. ಬಾಗಿಲು ತೆರೆಯಿತು. ಬಿಸಿಲು ಒಳಗೆ ಬಂತು.

"ನಮ್ಮನೆ ಬಾಗಿಲಿಗೂ ಇಂಥದ್ದೇ ಇದೆ. ಹೊರಡೋಣ್ವಾ?"

ಅವಳು ಚಿಲಕವನ್ನು ಎರಡು ಸಲ ಸರಿಸಿ ನೋಡಿದಳು. ಆಮೇಲೆ ತಾನೇ ಬಾಗಿಲು ಮುಚ್ಚಿದಳು.

"ಅಪ್ಪನ ಚಹಾ ಇನ್ನೂ ಮುಗಿದಿರಲ್ಲ... ಕೂತ್ಕೋ."